ನಮ್ಮ ಮನೆಯ ಶಾಖದ ವಿಚಾರಣೆ

ಮನೆಯಲ್ಲಿ ಏನು ಕೆಟ್ಟರೂ ಅದಕ್ಕೆ ಬೇರೆ ಯಾರೋ ಕಾರಣ ಎಂದು ನಂಬುವುದು ಗಂಡಸಿನ ಆರೋಗ್ಯಕ್ಕೆ ಬಹಳ ಒಳ್ಳೆಯದು. ನಾನು ಈ ನಂಬಿಕೆಯ ಬಲದಿಂದಲೇ ಐವತ್ತು ದಾಟಿದವನು. ಹಾಲು ಉಕ್ಕಿದರೆ ತಪ್ಪು ಒಲೆಯದು, ಬಸ್ಸು ತಪ್ಪಿದರೆ ಡ್ರೈವರನದು. ಹೀಗಿರುವಾಗ ಈ ಬೇಸಿಗೆಯಲ್ಲಿ ನಮ್ಮ ಮನೆ ದೋಸೆ ಕಾವಲಿಯಂತೆ ಕಾಯತೊಡಗಿದಾಗ, ಅಪರಾಧಿಯನ್ನು ಹುಡುಕಿಕೊಂಡು ನಾನು ದೂರ ಹೋಗಬೇಕಾಗಲಿಲ್ಲ. ಮನೆಯ ಹಿಂದೆ, ಗೋಡೆಗೆ ಒತ್ತಿಕೊಂಡಂತೆ, ನನ್ನ ಹೆಂಡತಿ ರತ್ನಳ ರೇಷ್ಮೆ ಹುಳು ಮನೆ ಇತ್ತು.

ನಮ್ಮೂರು ಕೆಂಚಾರ್ಲಹಳ್ಳಿ. ನಾನು ಚಿಂತಾಮಣಿಯ ಶಾಲೆಯೊಂದರಲ್ಲಿ ಭೂಗೋಳ ಪಾಠ ಮಾಡುತ್ತೇನೆ. ರತ್ನ ರೇಷ್ಮೆ ಹುಳು ಸಾಕಿ, ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕುತ್ತಾಳೆ. ಮನೆಯ ನಕ್ಷೆ ಮಾತ್ರ ಪೂರ್ತಿ ನನ್ನದು. ಅಂಬಾಜಿದುರ್ಗದ ಬೆಟ್ಟದ ಹಿಂದೆ ಸೂರ್ಯ ಮುಳುಗುವುದನ್ನು ಕಾಫಿ ಕುಡಿಯುತ್ತ ನೋಡಬೇಕೆಂದು ಪಶ್ಚಿಮದ ಗೋಡೆ ತುಂಬ ಗಾಜು ಹಾಕಿಸಿದೆ. ಮುಂಭಾಗಕ್ಕೆಲ್ಲ ಕಪ್ಪು ಕಲ್ಲು ಮೆತ್ತಿಸಿದೆ. ಗಾಜು ಕಮ್ಮಿ ಮಾಡಿ, ಮೇಲೆ ಹೆಂಚು ಹಾಕಿಸಿ ಎಂದು ರತ್ನ ಆಗಲೇ ಹೇಳಿದ್ದಳು. ಭೂಗೋಳ ಓದಿದವನು ನಾನೋ ನೀನೋ ಎಂದು ಕೇಳಿ ಬಾಯಿ ಮುಚ್ಚಿಸಿದ್ದೆ. ಈಗ ಆ ಗಾಜಿನಲ್ಲಿ ದುರ್ಗ ಕಾಣುವುದಿಲ್ಲ, ಎದುರು ಮನೆಯವರ ನೀರಿನ ಟ್ಯಾಂಕು ಕಾಣುತ್ತದೆ. ಸೂರ್ಯ ಮಾತ್ರ ಟ್ಯಾಂಕಿನ ಪಕ್ಕದಿಂದ ನುಸುಳಿ ಮಧ್ಯಾಹ್ನವೇ ಒಳಗೆ ಬಂದು, ನನಗಿಂತ ಮುಂಚೆ ಸೋಫಾದ ಮೇಲೆ ಕೂತಿರುತ್ತಾನೆ.

ಆದರೂ ನಾನು ಹುಳುಗಳ ಮೇಲೆಯೇ ಮೊಕದ್ದಮೆ ಹೂಡಿದೆ. ಅಷ್ಟೊಂದು ಹುಳುಗಳು ಒಂದೇ ಕಡೆ ಹಗಲೂ ರಾತ್ರಿ ಸೊಪ್ಪು ಮೇಯುತ್ತಿದ್ದರೆ ಶಾಖ ಹುಟ್ಟದೆ ಇರುತ್ತದೆಯೇ? ಅದೇ ಗೋಡೆ ದಾಟಿ ಬರುತ್ತಿದೆ, ಹುಳು ಮನೆಯನ್ನು ಕಿತ್ತು ನಮ್ಮ ಹಿಪ್ಪುನೇರಳೆ ತೋಟಕ್ಕೆ ಸಾಗಿಸೋಣ ಎಂದೆ. ರತ್ನಳಿಗೆ ಇದು ಹುಡುಗಾಟದ ಮಾತಾಗಿರಲಿಲ್ಲ. ತೋಟ ಇರುವುದು ಊರಾಚೆ. ಮನೆಗೆಲಸದ ನಡುವೆ ಹೊತ್ತುಹೊತ್ತಿಗೆ ಸೊಪ್ಪು ಹಾಕಲು ಅಲ್ಲಿಗೆ ಓಡಾಡುವುದೆಂದರೆ ಹುಳು ಸಾಕುವುದನ್ನೇ ಬಿಟ್ಟಂತೆ. ಕೆಲವು ದಿನ ನನ್ನ ವಾದ ಕೇಳಿಕೊಂಡೇ ಮುದ್ದೆ ಬಡಿಸಿದಳು. ಆಮೇಲೆ, "ನಿಮ್ಮ ಮಾತೂ ಬೇಡ, ನನ್ನ ಮಾತೂ ಬೇಡ. ಮಂಜನ್ನ ಕರೆಸ್ತೀನಿ," ಎಂದಳು.

ಮಂಜ ಅವಳ ತಮ್ಮ. ಗೌರಿಬಿದನೂರಿನ ಕಡೆ ಸೋಲಾರ್ ಪ್ಯಾನೆಲ್ಲುಗಳನ್ನು ತಪಾಸಣೆ ಮಾಡುವ ಕೆಲಸ. ಅವನ ಹತ್ತಿರ ಶಾಖವನ್ನೇ ಚಿತ್ರವಾಗಿ ತೋರಿಸುವ ಕ್ಯಾಮೆರಾ ಇದೆ. ಬಿಸಿಯಿದ್ದಲ್ಲಿ ಕೆಂಪು, ತಣ್ಣಗಿದ್ದಲ್ಲಿ ನೀಲಿ. ನಾನು ಖುಷಿಯಿಂದಲೇ ಒಪ್ಪಿಕೊಂಡೆ. ಯಂತ್ರಕ್ಕೆ ಅಕ್ಕ, ಬಾವ ಎಂಬ ಭೇದ ಇರುವುದಿಲ್ಲವಲ್ಲ.

ಭಾನುವಾರ ಸಂಜೆ ಮಂಜ ಬಂದವನೇ ಕ್ಯಾಮೆರಾವನ್ನು ತಾರಸಿಯ ಕಡೆ ಎತ್ತಿದ. ಕೆಂಪು. ನನ್ನ ಗಾಜಿನ ಗೋಡೆಗೆ ಹಿಡಿದ. ಅದು ಕೆಂಪನ್ನೂ ದಾಟಿ ಬೆಳ್ಳಗೆ ಉರಿಯುತ್ತಿತ್ತು. ಕಪ್ಪು ಕಲ್ಲಿನ ಸಂಗತಿ ಹೇಳುವುದೇ ಬೇಡ. ಅದೆಲ್ಲ ಇರಲಿ, ಹಿಂದಿನ ಗೋಡೆ ನೋಡಪ್ಪ ಎಂದು ಅವಸರಪಡಿಸಿದೆ. ನೋಡಿದ. ತಣ್ಣನೆ ನೀಲಿ.

"ಬಾವಾ, ನಿಮ್ಮನೇಲಿ ತಣ್ಣಗಿರೋದು ಇದೊಂದೇ ಗೋಡೆ. ಹುಳು ಮನೆ ನೆರಳು ಬೀಳ್ತದಲ್ಲ, ಅದಕ್ಕೆ," ಎಂದ.

ಹುಳು ಮನೆಯಂತೂ ಪೂರ್ತಿ ನೀಲಿ. ಸೂರಿನ ಮೇಲೆ ತೆಂಗಿನ ಗರಿ, ಕಿಟಕಿಗೆ ಒದ್ದೆ ಗೋಣಿ, ಪಶ್ಚಿಮಕ್ಕೆ ನೆರಳು ಬಲೆ. ಹುಳುಗಳಿಗೆ ಸೆಕೆಯಾದೀತೆಂದು ರತ್ನ ಇದನ್ನೆಲ್ಲ ಮಾಡುವುದನ್ನು ನಾನು ವರ್ಷಗಟ್ಟಲೆ ನೋಡಿದ್ದೆ. ಅದನ್ನೇ ಮನುಷ್ಯರಿಗೂ ಮಾಡಬಹುದೆಂದು ಹೊಳೆದಿರಲಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಯಿತು. ರತ್ನ ನಕ್ಕುಬಿಟ್ಟಿದ್ದರೆ ಎಷ್ಟೋ ವಾಸಿಯಿತ್ತು, ಅವಳು ನಗಲಿಲ್ಲ.

"ಹುಳ ಪಾಪ ಬಾಯಿ ಬಿಟ್ಟು ಹೇಳಲ್ಲ, ನಾವೇ ನೋಡ್ಕಬೇಕು," ಎಂದಳು. "ನೀವು ಹೇಳ್ತೀರ. ಆದ್ರೆ ನಿಮ್ಮ ಗಾಜೊಂದು ಬಿಟ್ಟು ಮಿಕ್ಕಿದ್ದೆಲ್ಲದ್ರ ತಪ್ಪೂ ಹೇಳ್ತೀರ."

ತಾರಸಿಗೆ ಬಿಳಿ ಸುಣ್ಣ ಹೊಡೆಸುವುದು, ಗಾಜಿಗೆ ಹೊರಗಡೆಯಿಂದ ನೆರಳು ಬಲೆ ಕಟ್ಟುವುದು ಎಂದು ತೀರ್ಮಾನವಾಯಿತು. ಸುಣ್ಣ ಹೊಡೆಯುವವನು ಇವತ್ತು ಬರ್ತೀನಿ, ನಾಳೆ ಬರ್ತೀನಿ ಎನ್ನುತ್ತಿದ್ದ. ಅಲ್ಲಿಯವರೆಗೆ ಮಧ್ಯಾಹ್ನದ ನಿದ್ದೆಗೆ ಹುಳು ಮನೆಯಲ್ಲಿ ಒಂದಿಷ್ಟು ಜಾಗ ಕೊಡು ಎಂದು ರತ್ನಳನ್ನು ಬೇಡಿಕೊಂಡೆ. ಹುಳುಗಳಿಗೆ ಸೋಂಕು, ಘಾಟು ತಾಗದಂತೆ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಕಾಲು ಅದ್ದಿ ಬರಬೇಕು, ಮುಖಕ್ಕೆ ಪೌಡರ್ ಹಚ್ಚಬಾರದು, ನಶ್ಯದ ಡಬ್ಬಿ ಬಾಗಿಲಾಚೆಯೇ ಇರಬೇಕು ಎಂಬ ಷರತ್ತುಗಳ ಮೇಲೆ ಅಪ್ಪಣೆ ಸಿಕ್ಕಿತು. ಹುಳುಗಳು ಸೊಪ್ಪು ಮೇಯುವ ಸದ್ದು ಸಣ್ಣ ಜಡಿಮಳೆಯಂತಿರುತ್ತದೆ. ಅಷ್ಟು ಒಳ್ಳೆಯ ನಿದ್ದೆ ನನಗೆ ಸ್ಟಾಫ್ ಮೀಟಿಂಗಿನಲ್ಲೂ ಬಂದಿರಲಿಲ್ಲ.

ಮುಂದಿನ ಭಾನುವಾರ ಮಂಜ ಮತ್ತೆ ಬಂದು ಹುಳು ಮನೆಯೊಳಗೆ ಕ್ಯಾಮೆರಾ ಹಿಡಿದದ್ದು ನನಗೆ ಗೊತ್ತಾಗಲಿಲ್ಲ. ಎಚ್ಚರವಾದಾಗ ಅಕ್ಕ ತಮ್ಮ ಇಬ್ಬರೂ ತಲೆಗೆ ತಲೆ ತಾಗಿಸಿ ಪರದೆ ನೋಡುತ್ತಿದ್ದರು. ಮಲಗಿದ್ದಲ್ಲಿಂದಲೇ ಕತ್ತೆತ್ತಿ ನಾನೂ ಇಣುಕಿದೆ. ಸುತ್ತಲೂ ನೀಲಿ. ನಡುವೆ, ಹುಳದ ಸ್ಟ್ಯಾಂಡಿನ ಬುಡದಲ್ಲಿ, ಉದ್ದಕ್ಕೆ ಬಿದ್ದುಕೊಂಡ ಒಂದು ಕೆಂಪು ಆಕೃತಿ, ಹೊಟ್ಟೆಯ ಭಾಗ ಎತ್ತರವಾಗಿ.

"ಏಳ್ರೀ, ಹುಳಕ್ಕೆ ಶಾಖ ಹೊಡೀತದೆ," ಎಂದಳು ರತ್ನ.

ಹುಳು ಮನೆಯಲ್ಲೇ ಶಾಖದ ಮೂಲ ಇದೆ ಎಂದು ನಾನು ಮೊದಲಿನಿಂದಲೂ ವಾದಿಸಿದ್ದೆ. ಯಂತ್ರವೂ ಕೊನೆಗೆ ಅದನ್ನು ಒಪ್ಪಿಕೊಂಡಿತು. ಆ ಮೂಲವನ್ನು ತೋಟಕ್ಕೆ ಸಾಗಿಸಬೇಕೆಂಬ ನನ್ನ ಸಲಹೆಯನ್ನೂ ರತ್ನ ಆಗಲೇ ಜಾರಿಗೆ ತಂದಳು. ಕೈಗೆ ಕುಡುಗೋಲು ಕೊಟ್ಟು, ಸೊಪ್ಪು ಕೊಯ್ದುಕೊಂಡು ಬನ್ನಿ ಎಂದು ನನ್ನನ್ನು ತೋಟಕ್ಕೆ ಅಟ್ಟಿದಳು.