ಹದಿನೆಂಟು ಬುಟ್ಟಿ ಮಾವಿನ ಹಿಂದಿನ ಸ್ಪೀಕರು

ಟೇಕಲ್, ೧೩ ಜೂನ್ ೧೯೮೩

ಶ್ರೀನಿವಾಸಪುರದ ನಾಲ್ದಿಕ್ಕು ಧ್ವನಿಮುದ್ರಣ ಕೇಂದ್ರದ ಮಾಲೀಕರಾದ ಶ್ರೀ ಕದಿರೇಶ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ನಮ್ಮ ಸಂಘದ ಹಾಡುಗಾರ್ತಿ ಮುನಿಯಲ್ಲಮ್ಮನವರ ದನಿಯನ್ನು ಜನರ ಬೆನ್ನ ಹಿಂದೆ ನಿಲ್ಲಿಸಿದ್ದೀರಿ, ಇದು ಅನ್ಯಾಯ. ಇಷ್ಟು ಹೇಳಿದ ಮೇಲೆ ತಮಗೂ, ತಮ್ಮ ನಾಲ್ಕು ಸ್ಪೀಕರುಗಳಿಗೂ, ಅವುಗಳ ನಡುವಿನ ಒಂಟಿ ಕುರ್ಚಿಗೂ ಕ್ರಮವಾಗಿ ನಮಸ್ಕರಿಸುತ್ತೇನೆ.

ಎಂಟಡಿಯ ಕೋಣೆಯೊಳಗೆ ಹಾಡು ನಾಲ್ಕು ಮೂಲೆಯಿಂದಲೂ ಬಂದು ಸುತ್ತಿಕೊಳ್ಳುವಂತೆ ಮಾಡಿದ ತಮ್ಮ ಸಾಹಸ ಸಾಮಾನ್ಯವಲ್ಲ. ನಾನು ಓದಿದ ಕರಪತ್ರಗಳಲ್ಲೆಲ್ಲ ಸಮಾನತೆ ಸರ್ವರಿಗೂ ಸೇರಿದ್ದೆಂದು ಅಚ್ಚಾಗಿದೆ. ತಮ್ಮ ಕೋಣೆಯಲ್ಲಿ ಅದು ನಡುವಿನ ಕುರ್ಚಿಯಲ್ಲಿ ಕೂತವರಿಗೆ ಮಾತ್ರ ಕೇಳಿಸುತ್ತದೆ, ಮತ್ತು ಆ ಕುರ್ಚಿಯಿಂದ ತಾವು ಏಳುವುದಿಲ್ಲ. ಬಾಗಿಲಲ್ಲಿ ನಿಂತ ನನಗೆ ಕೇಳಿಸಿದ್ದು ತಮಟೆಯೊಂದೇ.

ಅದೇ ಕೋಣೆಯಲ್ಲಿ ತಾವು ಮಾವಿನಕಾಯಿ ಹಣ್ಣಿಗೆ ಹಾಕುವುದಕ್ಕೂ ನನ್ನ ಆಕ್ಷೇಪವಿಲ್ಲ, ಹಣ್ಣು ಸೊಗಸಾಗಿತ್ತು. ಆದರೆ ನಮ್ಮ ಹಾಡನ್ನು ನಾಲ್ಕು ಸ್ಪೀಕರಿಗೆ ಹಂಚಿ ಟೇಪಿನಲ್ಲಿ ಹದಗೊಳಿಸಿದ ದಿನ ಹಿಂಬದಿಯ ಎಡಮೂಲೆಯ ಸ್ಪೀಕರಿನ ಮುಂದೆ ಹುಲ್ಲು ಹೊದಿಸಿದ ಹದಿನೆಂಟು ಬುಟ್ಟಿಗಳಿದ್ದವು. ನಾಲ್ಕೂ ಕಡೆ ಸಮನಾಗಿ ಬರಬೇಕಾದ ದನಿ ಅಲ್ಲಿ ಕ್ಷೀಣವಾಗಿದೆಯೆಂದು ತಾವು ಗುಂಡಿ ತಿರುಗಿಸಿದಿರಿ, ಸಾಲದೆಂದು ಮತ್ತೂ ತಿರುಗಿಸಿದಿರಿ. ಬುಟ್ಟಿ ಸರಿಸಲಿಲ್ಲ. ಆ ಮೂಲೆಯ ಜೋರು ಹಾಗೇ ಟೇಪಿಗೆ ಇಳಿಯಿತು.

ನಿನ್ನೆ ನಮ್ಮೂರ ಬಯಲಿನಲ್ಲಿ ತಾವು ನಾಲ್ಕು ಮೂಲೆಗೂ ಸ್ಪೀಕರಿಟ್ಟು ಅದೇ ಟೇಪು ಹಾಕಿದಾಗ ಸ್ಪೀಕರುಗಳ ಮುಂದೆ ಮಾವಿರಲಿಲ್ಲ. ನಮ್ಮ ಕೇರಿಗೆ ಬೋರ್‌ವೆಲ್ ಕೇಳುವ ಆ ಹಾಡು, ವೇದಿಕೆಯ ಮೇಲಿದ್ದ ಅಧಿಕಾರಿಗಳ ಎದುರಿಗೆ ಮೊಳಗಬೇಕಾದದ್ದು, ಹಿಂದಿನ ಹುಣಸೆಮರದ ಬುಡದಿಂದ ಗರ್ಜಿಸಿತು. ಮುನ್ನೂರು ಜನ ಚಾಪೆ ಸಮೇತ ಅತ್ತ ತಿರುಗಿ ಕೂತರು. ಮುನ್ನೂರು ಬೆನ್ನುಗಳನ್ನು ಕಂಡ ಅಧಿಕಾರಿಗಳು ಇದು ಬಹಿಷ್ಕಾರವೆಂದು ತಿಳಿದು ಜೀಪು ಹತ್ತಿದರು. ಅರ್ಜಿ ನನ್ನ ಕೈಯಲ್ಲೇ ಉಳಿಯಿತು. ವೇದಿಕೆಯಲ್ಲಿದ್ದ ಮುನಿಯಲ್ಲಮ್ಮನವರು ನನ್ನನ್ನು ಕರೆದು, “ಏನಪ್ಪಾ, ನಾನು ಇಲ್ಲಿ ಕುಂತಿವ್ನಿ, ನನ್ನ ಗಂಟ್ಲು ಅಲ್ಲಿ ಮರದ ಕೆಳಗೆ ಕೂಗ್ತಾ ಐತಲ್ಲ,” ಎಂದರು. ಎರಡು ಮೈಲಿಯಿಂದ ನೀರು ಹೊರುವವರು ಅವರೇ.

ಅಧಿಕಾರಿಗಳು ಬರುವ ಭಾನುವಾರ ವೇಮಗಲ್ಲಿಗೆ ಬರುತ್ತಾರೆ. ಅಷ್ಟರಲ್ಲಿ ತಾವು ಬುಟ್ಟಿಗಳನ್ನು ಹೊರಗಿಟ್ಟು ಹಾಡನ್ನು ಮತ್ತೆ ಹದಗೊಳಿಸಬೇಕು. ಅದು ಕಷ್ಟವೆನಿಸಿದರೆ, ನಾವು ಹೋದಲ್ಲೆಲ್ಲ ಹದಿನೆಂಟು ಬುಟ್ಟಿ ಮಾವು ಹೊತ್ತು ತರಬೇಕು. ಅದೂ ಕಷ್ಟವಾದರೆ, ಮುನ್ನೂರು ಜನರನ್ನು ಒಬ್ಬೊಬ್ಬರಾಗಿ ತಮ್ಮ ಕುರ್ಚಿಯಲ್ಲಿ ಕೂರಿಸಬೇಕು. ಹಾಡು ಆರು ನಿಮಿಷದ್ದು, ಮೂವತ್ತು ಗಂಟೆಯಲ್ಲಿ ಮುಗಿಯುತ್ತದೆ, ಅಧಿಕಾರಿಗಳು ಜೀಪಿನಲ್ಲಿ ಕಾಯುತ್ತಾರೆ.

ನಾಲ್ಕು ದಿಕ್ಕಿನಿಂದಲೂ ತಮ್ಮ ವಿಶ್ವಾಸಿ,
ಮುನಿನಾರಾಯಣಪ್ಪ
ಕಾರ್ಯದರ್ಶಿ, ಟೇಕಲ್ ಯುವಜನ ಜಾಗೃತಿ ಸಂಘ

ಮರೆತ ಮಾತು: ಗುರುವಾರ ಬೆಳಿಗ್ಗೆ ಹತ್ತೂವರೆಗೆ ಮುನಿಯಲ್ಲಮ್ಮನವರ ಜೊತೆ ತಮ್ಮ ಕೋಣೆಗೆ ಬರುತ್ತೇನೆ. ಕುರ್ಚಿಯಲ್ಲಿ ಅವರು ಕೂರುತ್ತಾರೆ. ತಮಗೆಂದು ಒಂದು ಬುಟ್ಟಿಯನ್ನು ಬೋರಲು ಹಾಕಿಟ್ಟುಕೊಂಡಿರಿ.