ಹನ್ನೊಂದಕ್ಕೆ ಬ್ಯಾಡ ಅನ್ನೂದು ಹ್ಯಾಂಗ?

ನೀಲಾಂಬಿಕಾ: ನನಗ ಅವತ್ತ ತಿಳೀಬೇಕಿತ್ರಿ! ಅಕ್ಕಿಆಲೂರಾಗ ನಮ್ಮ ಮನಿ ಪಡಸಾಲಿ. ಸಂತಿ ದಿನ, ಮಧ್ಯಾಹ್ನ. ನನ್ನ ನೋಡಾಕ ಬಂದ ನೀವು ನೀಲಿ ಅಂಗಿ ಹಾಕ್ಕೊಂಡು ಕಂಬಕ್ಕ ಆತು ಕುಂತಿದ್ರಿ. ಒಂದು ಕಾಲುಚೀಲ ಕರೇದು, ಇನ್ನೊಂದು ಕಂದು. ತಲಿ ತಗ್ಗಿಸಿ ಬಂದಾಕಿ ನಾ ಮೊದಲ ನೋಡಿದ್ದ ಅವನ್ನ.

ಚನ್ನೇಶ: ಈಗ ಕಾಲುಚೀಲದ ಮಾತ್ಯಾಕ? ಲ್ಯಾಪ್‌ಟಾಪಿಂದು ಮಾತಾಡು.

ನೀಲಾಂಬಿಕಾ: ಅದನ್ನ ಮಾತಾಡಾಕತ್ತೇನಿ! ನಮ್ಮ ಚಿಗವ್ವ ಉಪ್ಪಿಟ್ಟಿನ ಪಾತೇಲಿ ಹಿಡಕೊಂಡು "ಇನ್ನೊಂಚೂರು ಹಾಕ್ಲೇನ್ರಿ" ಅಂದ್ಲು. ನೀವು "ಹೂಂ" ಅಂದ್ರಿ. ಮತ್ತ ಕೇಳಿದ್ಲು, ಮತ್ತ "ಹೂಂ". ಪಾತೇಲಿ ತಳ ಕಾಣೂತನಕ ಹೂಂ ಅಂದ್ರಿ.

ಸರೋಜವ್ವ: ಖರೇ ಐತಿ. ವಾಪಸ್ ಬರೂವಾಗ ದಾರ್ಯಾಗ ಎರಡು ಕಡೆ ಬಸ್ ನಿಂದ್ರಿಸಿದ್ವಿ.

ಚನ್ನೇಶ: ಅವ್ವಾ!

ಶಿಗ್ಗಾಂವದ ಆ ಮನೆಯ ಮುಂದಿನ ಕೋಣೆಯೇ ನೀಲಾಂಬಿಕಾಳ ಹೊಲಿಗೆ ಅಂಗಡಿ. ಮೂಲೆಯಲ್ಲಿ ಕಸೂತಿ ಹಾಕುವ ಮಶಿನ್. ಅದಕ್ಕೆ ಚಿತ್ತಾರ ಕಳಿಸುವುದು ಮೇಜಿನ ಮೇಲಿನ ಹಳೆಯ ಲ್ಯಾಪ್‌ಟಾಪ್. ಅದರ ಮುಂದೆ ಕುಳಿತವನು ಕಾಳಿನ ಅಂಗಡಿಯಲ್ಲಿ ಲೆಕ್ಕ ಬರೆಯುವ ಗಂಡ ಚನ್ನೇಶ. ಅತ್ತೆ ಸರೋಜವ್ವ ಬಾಗಿಲ ಬಳಿ ಅವರೆಕಾಯಿ ಸುಲಿಯುತ್ತಿದ್ದರು. ಮಶಿನ್ನಿಗೆ ಸಿಕ್ಕಿಸಿದ, ಸೀರೆಗೆ ತೊಡುವ ಜಂಪರಿನ ಬೆನ್ನ ಮೇಲೆ ಒಂದು ನವಿಲು ಕುತ್ತಿಗೆಯವರೆಗೆ ಬಂದು ನಿಂತಿತ್ತು. ತಲೆ ಇರಲಿಲ್ಲ.

ನೀಲಾಂಬಿಕಾ: ಒಂಬತ್ತು ದಿನದ ಹಿಂದ ಕುತ್ತಿಗಿ ಮುಗಿಸಿ ನಾ ಊಟಕ್ಕ ಎದ್ದೆ. ಅಷ್ಟರಾಗ ನೀವು ಬಂದು, ಲ್ಯಾಪ್‌ಟಾಪ್ ನಡಸೂ ಹತ್ತನೇ ನಂಬರಿನ ಪ್ರೋಗ್ರಾಂ ತಗದು ಹನ್ನೊಂದನೇದು ಹಾಕಿ ಕುಂತ್ರಿ. ಹತ್ತಕ್ಕ ನನ್ನ ಮಶಿನ್ನಿನ ಗುರುತಿತ್ತು. ಹನ್ನೊಂದು ಅದರ ಕಡೆ ಹೊಳ್ಳಿನೂ ನೋಡವಲ್ದು!

ಚನ್ನೇಶ: ನಾ ಎಲ್ಲೆ ಮಾಡಿದೆ? ಅದ ಕೇಳತು. "ಹೊಸಾ ಹನ್ನೊಂದು ಬಂದೈತಿ, ಪುಕ್ಕಟೆ, ಹಾಕ್ಲೇನು?" ಅಂತ ದಿನಾ ಕೇಳತಿತ್ತು. ಎಷ್ಟಂತ ಬ್ಯಾಡ ಅನ್ನೂದು? ಏನ್ ತಿಳಕೊಂಡಾರು?

ನೀಲಾಂಬಿಕಾ: ಯಾರು?

ಚನ್ನೇಶ: ಯಾರರ ಇರ್ತಾರಲ್ಲ, ಆ ಕಡೆ.

ಸರೋಜವ್ವ: ಅಲ್ಲವ್ವಾ ನೀಲಾ, ಹತ್ತಕ್ಕಿಂತ ಹನ್ನೊಂದು ದೊಡ್ಡದಲ್ಲ? ತಾನಾಗೇ ಬಂದಿದ್ದನ್ನ ಯಾಕ ಕಳಸ್ತೀರಿ?

ನೀಲಾಂಬಿಕಾ: ಅತ್ತಿ, ನಿಮ್ಮ ಚಪ್ಪಲಿ ಆರನೇ ನಂಬರಿಂದು. ಹನ್ನೊಂದನೇ ನಂಬರಿಂದು ಪುಕ್ಕಟೆ ಕೊಟ್ರ ಹಾಕ್ಕೊಂಡು ಅಡ್ಡಾಡ್ತೀರೇನ್ರಿ?

ಸರೋಜವ್ವ ತಮ್ಮ ಪಾದ ನೋಡಿಕೊಂಡರು.

ನೀಲಾಂಬಿಕಾ: ಬಸ್ ಸ್ಟ್ಯಾಂಡ್ ಹತ್ರ ಕಂಪ್ಯೂಟರ್ ರಿಪೇರಿ ಮಾಡೂ ನಿಯಾಜಣ್ಣ ಹೇಳ್ಯಾನ್ರಿ. ಹೊಸಾದು ಹಾಕಿದ ಹತ್ತು ದಿನದೊಳಗ ಆದ್ರ "ಹಿಂದಕ್ಕೆ ಹೋಗು" ಅಂತ ಒಂದು ಬಟನ್ ಇರ್ತೈತಿ. ನೋಡೂಣು, ನೋಡೂಣು ಅಂತ ನೀವು ದಿನಾ ಕಳದ್ರಿ. ಇವತ್ತು ಕಡೇದು. ನಾಳೆ ಬಟನ್ ಮಾಯ. ಆಮ್ಯಾಲೆ ಎಲ್ಲಾ ಅಳಿಸಿ ಹತ್ತು ಹಾಕಬೇಕು. ಮಶಿನ್ನಿನ ಪ್ರೋಗ್ರಾಂ ಕೊಟ್ಟ ಕಂಪನಿ ಬಾಗಲಾ ಹಾಕೇತಿ. ಅಳಿಸಿದ್ರ ಅದು ಮತ್ತ ಸಿಗೂದಿಲ್ಲ. ನನ್ನ ಮಶಿನ್ ಗುಜರಿಗೆ ಹೊಕ್ಕೈತಿ!

ಚನ್ನೇಶ: ಹಂಗಾದ್ರ ನೀನ ಒತ್ತು.

ನೀಲಾಂಬಿಕಾ: ಕರದವರು ನೀವು, ನೀವ ಕಳಸ್ರಿ. ನಾಳೆ ಹಾನಗಲ್ಲಿಂದ ಮದುಮಗಳು ರಾಜಶ್ರೀ ಜಂಪರ್ ಒಯ್ಯಾಕ ಬರ್ತಾಳ. ತಲಿ ಇಲ್ಲದ ನವಿಲು ಬೆನ್ನಿಗೆ ಹಚ್ಚಿಕೊಂಡು ಲಗ್ನದ ಅಕ್ಕಿಕಾಳಿಗೆ ನಿಂದರಬೇಕೇನು ಆ ಹುಡುಗಿ?

ಚನ್ನೇಶ ಬಟನ್ ಹುಡುಕಿ ಒತ್ತಿದ. ಪರದೆ ಸುಮ್ಮನೆ ಹೋಗಲು ಬಿಡಲಿಲ್ಲ. "ಯಾಕೆ ಹಿಂದಕ್ಕೆ ಹೋಗುತ್ತಿದ್ದೀರಿ?" ಎಂದು ಕೇಳಿತು.

ಚನ್ನೇಶ: ನೋಡು, ಕಾರಣ ಕೇಳಾಕತ್ತೈತಿ!

ನೀಲಾಂಬಿಕಾ: "ನನ್ನ ಸಾಧನ ಇದರಾಗ ನಡಿಯೂದಿಲ್ಲ" ಅಂತ ಮೊದಲನೇದ ಐತಲ್ಲ. ಒತ್ರಿ.

ಚನ್ನೇಶ: ಮುಖದ ಮ್ಯಾಲೆ ಹೊಡದಂಗ ಆಗೂದಿಲ್ಲ?

ಸರೋಜವ್ವ: "ಊರಾಗ ಕೆಲಸ ಐತಿ" ಅಂತ ಹೇಳೋ. ಯಾರಿಗೂ ಬ್ಯಾಸರ ಆಗೂದಿಲ್ಲ.

ಚನ್ನೇಶ: ಅದು ಇಲ್ಲಬೇ ಅವ್ವಾ. ಕೆಳಗ "ಬೇರೆ ಕಾರಣವಿದ್ದರೆ ಬರೆಯಿರಿ" ಅಂತೈತಿ. ಅಲ್ಲೆ ಬರೀತೇನಿ.

ಅವನು ಬರೆದ. ಬರೆಯುತ್ತಲೇ ಹೋದ. ನೀಲಾಂಬಿಕಾ ಹಿಂದೆ ಬಂದು ನಿಂತು ಓದಿದಳು.

ನೀಲಾಂಬಿಕಾ: "ಮಾನ್ಯರೆ, ತಾವು ಬಹಳ ಒಳ್ಳೆಯವರಿದ್ದೀರಿ. ತಮ್ಮಲ್ಲಿ ಯಾವ ದೋಷವೂ ಇಲ್ಲ. ನಮ್ಮ ಮಶಿನ್ನಿಗೇ ತಿಳಿವಳಿಕೆ ಕಡಿಮೆ." ನನ್ನ ಮಶಿನ್ನಿಗೆ ತಿಳಿವಳಿಕಿ ಕಡಿಮಿ?

ಚನ್ನೇಶ: ಒಂದು ಮಾತಿಗೆ ಬರದೇನಿ.

ನೀಲಾಂಬಿಕಾ: "ತಮ್ಮ ಮನೆಯವರೆಲ್ಲರಿಗೂ ನಮ್ಮ ನಮಸ್ಕಾರ ತಿಳಿಸಬೇಕು." ಇದೇನ್ರಿ!

ಸರೋಜವ್ವ: ಅದು ಇರಲೆವ್ವಾ. ಅದನ್ನ ಬಿಟ್ರ ಛಂದ ಕಾಣಸೂದಿಲ್ಲ.

ಪತ್ರ ಹೋಯಿತು. ಪರದೆ ಮತ್ತೆ ಅಡ್ಡ ನಿಂತಿತು: "ಹೋಗುವ ಮೊದಲು, ಹೊಸ ತಿದ್ದುಪಡಿ ಬಂದಿದೆಯೇ ಎಂದು ಒಮ್ಮೆ ನೋಡುತ್ತೀರಾ?"

ಸರೋಜವ್ವ: ಪಾಪ, ಎಷ್ಟು ನಯಾ ಮಾಡಿ ಕೇಳ್ತೈತಿ! ಹೊಂಟವರನ್ನ ಬಾಗಲದಾಗ ತಡದು "ಚಹಾ ಕುಡದು ಹೋಗ್ರಿ" ಅಂದಂಗ.

ಚನ್ನೇಶ: ಒಂದು ಸಲ ನೋಡಿ ಬಿಡ್ಲೇನು? ಅವರ ಸಮಾಧಾನಕ್ಕ?

ನೀಲಾಂಬಿಕಾ: ಅದು ಚಹಾ ಅಲ್ರಿ, ಉಪ್ಪಿಟ್ಟು! ಒಮ್ಮೆ ಹೂಂ ಅಂದ್ರ ಪಾತೇಲಿ ತಳಾ ಕಾಣೂತನಕ ಬಡಿಸ್ತಾರ. "ಬೇಡ" ಒತ್ರಿ!

ಬಾಣದ ಗುರುತು "ಬೇಡ" ಎಂಬಲ್ಲಿಗೆ ಹೋಯಿತು. ಅಲ್ಲಿ ನಾಚಿ ಹಿಂದೆ ಬಂತು. ಮತ್ತೆ ಹೋಯಿತು.

ಚನ್ನೇಶ: ಬಟ್ಟು ಏಳವಲ್ದು.

ನೀಲಾಂಬಿಕಾ: ನನ್ನ ನೋಡಾಕ ಬಂದಾಗನೂ ಹಿಂಗನ ಏನು? ಬ್ಯಾಡ ಅನ್ನಾಕ ಆಗದ ಹೂಂ ಅಂದ್ರೇನು?

ಚನ್ನೇಶ: ಹೂಂ... ಅಲ್ಲ, ಊಹೂಂ! ಅದು ಮನಸಿನಿಂದ ಅಂದ ಹೂಂ!

ನೀಲಾಂಬಿಕಾ ಅವನ ಕೈಯ ಮೇಲೆ ಕೈಯಿಟ್ಟು "ಬೇಡ" ಒತ್ತಿಸಿದಳು. ಸರೋಜವ್ವ ಕೆಮ್ಮಿ, ಗೋಡೆಯ ಕಡೆ ಮುಖ ಮಾಡಿ ಅವರೆಕಾಯಿ ಸುಲಿದರು.

ಕೊನೆಯ ಎಚ್ಚರಿಕೆ ಬಂತು. ಕೆಲಸ ಮುಗಿಯುವವರೆಗೆ ಕರೆಂಟ್ ತಪ್ಪಬಾರದು, ನಡುವೆ ಆರಿದರೆ ಎಲ್ಲ ಕೆಡಬಹುದು. ಲ್ಯಾಪ್‌ಟಾಪಿನ ಬ್ಯಾಟರಿ ಎಂದೋ ಸತ್ತಿತ್ತು. ಗೋಡೆಯಿಂದ ಕರೆಂಟ್ ತರುವ ವಯರ್ ಬಾಕ್ಸಿಗೆ ಹಚ್ಚಿದ್ದರಷ್ಟೇ ಅದಕ್ಕೆ ಉಸಿರು. ಚನ್ನೇಶ ಕಣ್ಣು ಮುಚ್ಚಿ ಒತ್ತಿದ. ಪರದೆ ಕಪ್ಪಾಗಿ, ಚುಕ್ಕೆಗಳು ಗಿರಗಿರ ತಿರುಗತೊಡಗಿದವು. ನೀಲಾಂಬಿಕಾ ಬಾಯಿತುಂಬ ಗುಂಡುಪಿನ್ನು ಕಚ್ಚಿಕೊಂಡು ಜಂಪರ್ ಬಿಗಿ ಮಾಡಲು ಮಶಿನ್ ಹತ್ತಿರ ಹೋದಳು. ಅದೇ ಹೊತ್ತಿಗೆ ಪಕ್ಕದ ಮನೆಯ ಗುದ್ಲೆಪ್ಪ ಒಳಗೆ ಬಂದ.

ಗುದ್ಲೆಪ್ಪ: ತಮ್ಮಾ ಚನ್ನೇಶಾ, ಈ ವಯರ್ ಬಾಕ್ಸ್ ಒಂಚೂರು ಕೊಡಪಾ. ಬೀಗರು ಬಂದಾರ, ಮಿಕ್ಸರ್ ಹಚ್ಚಬೇಕು. ಹಿಂಗ ಒಯ್ದು ಹಂಗ ತರ್ತೇನಿ.

ನೀಲಾಂಬಿಕಾ: ಮ್ಂ! ಮ್ಂ! ಮ್ಂ!

ಗುದ್ಲೆಪ್ಪ: ನೋಡು, ನಿನ್ನ ಹೇಂತಿನೂ ಹೂಂ ಅಂದ್ಲು.

ಗುದ್ಲೆಪ್ಪನ ಕೈ ಪ್ಲಗ್ಗಿನ ಮೇಲೆ ಬಿತ್ತು. ಚನ್ನೇಶನ ಬಾಯಿ ರೂಢಿಯಂತೆ ತೆರೆಯಿತು. ಅವನು ಚುಕ್ಕೆಗಳನ್ನು ನೋಡಿದ, ಹೆಂಡತಿಯ ಕಣ್ಣು ನೋಡಿದ.

ಚನ್ನೇಶ: ಆ... ಆಗ...

ಗುದ್ಲೆಪ್ಪ: ಆಗಲಿ ಅಂದ್ಯಲ್ಲ, ಭಾಳ ಉಪಕಾರಾತು.

ಚನ್ನೇಶ: ಆಗೂದಿಲ್ಲ! ಕಾಕಾ, ಆಗೂದಿಲ್ಲ! ಕೈ ತಗೀರಿ!

ನೀಲಾಂಬಿಕಾಳ ಬಾಯಿಂದ ಪಿನ್ನುಗಳು ಉದುರಿದವು.

ಗುದ್ಲೆಪ್ಪ: ಮೈಯಾಗ ಆರಾಮಿಲ್ಲೇನೋ? ಸರೋಜಕ್ಕಾ, ನಿಮ್ಮ ಮಗಗ ಯಾರರ ಏನರ ಮಾಡಿಸ್ಯಾರೇನು?

ಚನ್ನೇಶ: ಹಂಗ ಹೋದ ವರ್ಷ ಒಯ್ದ ನಮ್ಮ ಏಣಿನೂ ತಂದು ಕೊಡ್ರಿ!

ಗುದ್ಲೆಪ್ಪ: ಏಣಿ ನಿಮ್ಮದೇನು?

ತಲೆ ಕೊಡವುತ್ತ ಗುದ್ಲೆಪ್ಪ ಹೋದ. ಬಹಳ ಹೊತ್ತು ತಿರುಗಿದ ಚುಕ್ಕೆಗಳು ಕೊನೆಗೆ ನಿಂತು, ಹತ್ತು ಬಂತು. ಮಶಿನ್ "ಕೀಂ" ಎಂದು ಎಚ್ಚೆತ್ತು ಟಕಟಕ ಹೊಲಿಯಿತು. ಮೊದಲು ಕೊಕ್ಕು, ಆಮೇಲೆ ಕಣ್ಣು, ಕೊನೆಗೆ ಜುಟ್ಟು. ನೀಲಾಂಬಿಕಾ ಕುಣಿಯುವುದೊಂದು ಬಾಕಿ.

ನೀಲಾಂಬಿಕಾ: ಏನ್ ದನಿರೀ ನಿಮ್ಮದು! ನಿಮಗ ದೃಷ್ಟಿ ತಗೀತೇನಿ, ಕುಂಡ್ರಿ. ಅಲ್ಲೀತನಕಾ ಅತ್ತಿಗೆ ಒಂದೀಟು ಅವರಿಕಾಯಿ ಸುಲದು ಕೊಡ್ರಿ.

ಚನ್ನೇಶ: ಆಗೂದಿಲ್ಲ.

ನೀಲಾಂಬಿಕಾ: ಆಂ?

ಚನ್ನೇಶ: ಆಗೂದಿಲ್ಲ. ಭಾಳ ಹಗುರ ಐತಿ ನೋಡು ಇದು, ಅನ್ನಾಕ!

ಸರೋಜವ್ವ: ನವಿಲಿಗೆ ತಲಿ ಬಂತು, ನನ್ನ ಮಗಗ ಬಾಯಿ ಬಂತು. ಇನ್ನ ನೀನುಂಟು, ಅವನುಂಟು!

ನೀಲಾಂಬಿಕಾ ಸೊಂಟದ ಮೇಲೆ ಕೈಯಿಟ್ಟು ಗಂಡನನ್ನು ಒಂದು ಗಳಿಗೆ ಅಳೆದು ನೋಡಿದಳು. ಆಮೇಲೆ ಒಂದು ಕುರ್ಚಿ ಎತ್ತಿ ಅಂಗಡಿಯ ಬಾಗಿಲಲ್ಲಿ ಹಾಕಿದಳು.

ಈಗ ಚನ್ನೇಶ ಸಂಜೆ ಕೆಲಸ ಮುಗಿಸಿ ಬಂದು ಆ ಕುರ್ಚಿಯಲ್ಲಿ ಕೂರುತ್ತಾನೆ. ಇವತ್ತು ಬಟ್ಟೆ ಕೊಟ್ಟು ನಾಳೆಯೇ ಜಂಪರ್ ಬೇಕು ಎನ್ನುವವರಿಗೆಲ್ಲ "ಆಗೂದಿಲ್ರಿ" ಎಂದು ಹೇಳುತ್ತಾನೆ.