ಹಸೆ ಹಾಡಿಗೆ ಮೇಜರ್ ನೈಂತ್

ಗಿಟಾರಿನಲ್ಲಿ ನನಗೆ ಮೂರೇ ಕಾರ್ಡ್, ಅಂದರೆ ಒಟ್ಟಿಗೆ ಮೀಟುವ ಸ್ವರಗುಚ್ಛ, ಬರುತ್ತಿದ್ದಾಗ ಲೋಕ ನನ್ನನ್ನು ಸಹಿಸಿಕೊಂಡಿತ್ತು. ನಾನು ಪ್ರಗತಿ ಸಾಧಿಸಿದೆ.

ಸಾದಲಿಯಲ್ಲಿ ನಾದಿನಿಯ ಮದುವೆ. ಹೆಣ್ಣನ್ನು ಹಸೆಗೆ ಕರೆಯುವ ಹಾಡು ನನ್ನ ಹೆಂಡತಿ ಸುಮಾಳದು. ತಂಗಿಗೆ ಚಿಕ್ಕಂದಿನಲ್ಲೇ ಕೊಟ್ಟ ಮಾತು. ಹಾಡು ಮುಗಿಯದೆ ಅವರ ಮನೆಯ ಹೆಣ್ಣು ಮಣೆಯ ಮೇಲೆ ಕೂರುವಂತಿಲ್ಲ. ಗಿಟಾರ್ ನಾನು ನುಡಿಸುತ್ತೇನೆ ಎಂದೆ.

"ರೀ, ಸುಮ್ನೆ ‘ಸ’ ಹಿಡ್ಕೊಂಡಿರಿ, ಸಾಕು."

ಕಲಾವಿದನಿಗೆ ಹೇಳುವ ಮಾತೇ ಇದು!

ಚಿಂತಾಮಣಿಯ ನಮ್ಮ ಮನೆಯಲ್ಲಿ ವೀಡಿಯೊ ನೋಡಿ ಮೇಜರ್ ನೈಂತ್ ಎಂಬ ಕಾರ್ಡನ್ನೂ ಅದರ ಇನ್ವರ್ಷನ್ನನ್ನೂ ಕಲಿತೆ. ಸ, ಗ, ಪ ಸಾಮಾನ್ಯರ ಕಾರ್ಡ್. ಜೊತೆಗೆ ನಿ, ರಿ ಸೇರಿದರೆ ನೈಂತ್. ಇನ್ವರ್ಷನ್ ಎಂದರೆ ತಳದಲ್ಲಿ ಕೂತ ‘ಸ’ವನ್ನು ಎಬ್ಬಿಸಿ ಅಲ್ಲಿ ‘ಗ’ವನ್ನು ಕೂರಿಸುವುದು, ಯಜಮಾನನ ಕುರ್ಚಿಯಲ್ಲಿ ನೆಂಟ. ಸ್ವರ ಐದು, ತಂತಿ ಒತ್ತಲು ಬೆರಳು ನಾಲ್ಕು. ವೀಡಿಯೊ ಗುರು ಪರಿಹಾರ ಹೇಳಿದ: "‘ಸ’ ಬಿಟ್ಟುಬಿಡಿ. ಅದನ್ನ ಬೇಸ್ ಗಿಟಾರಿನವರು ನುಡಿಸ್ತಾರೆ."

ಬಿಟ್ಟೆ. ಸಾದಲಿಯಲ್ಲಿ ಬೇಸ್ ಗಿಟಾರಿನವರು ಯಾರು ಎಂಬ ಕ್ಷುಲ್ಲಕ ಪ್ರಶ್ನೆ ಆಗ ಹೊಳೆಯಲಿಲ್ಲ.

ಮುಂದಿನದನ್ನು ನನ್ನ ನೆನಪು ಪ್ರತಿಸಲ ನನ್ನ ಪರವಾಗಿ ತಿದ್ದುತ್ತದೆ. ಒಂದು ಆವೃತ್ತಿಯಲ್ಲಿ ಚಪ್ಪಾಳೆಯೂ ಇದೆ. ನಂಬಬೇಡಿ. ಮಂಟಪದಲ್ಲಿ ನಾನು ಆ ಇನ್ವರ್ಷನ್ನನ್ನೇ ಮೀಟಿದೆ. ಸುಮಾ ತಳದಲ್ಲಿ ಕೇಳಿಸಿದ ‘ಗ’ವನ್ನೇ ‘ಸ’ ಎಂದುಕೊಂಡು ಶುರುಮಾಡಿದಳು. ಎರಡು ಸ್ವರ ಮೇಲೆ! ಮೊದಲ ಸಾಲು ಹೇಗೋ ದಾಟಿತು. ಎತ್ತರದ ಸಾಲಿನಲ್ಲಿ ದನಿ ಕೀರಲಾಗಿ, ನಿಂತೇಹೋಯಿತು. ಮದುಮಗಳು ಮಣೆಯ ಮುಂದೆ ಒಂದು ಕಾಲೆತ್ತಿಕೊಂಡು ನಿಂತಳು. ಪುರೋಹಿತರು ಗಡಿಯಾರ ನೋಡಿದರು.

"ರೀ, ‘ಸ’ ಎಲ್ರೀ?" ಸುಮಾ ಹಲ್ಲು ಕಚ್ಚಿ ಕೇಳಿದಳು.

"ಇದೆ ಅಂತ ಭಾವಿಸ್ಕೋಬೇಕು ಕಣೇ."

ಅವಳ ದೊಡ್ಡಮ್ಮ ಬಗ್ಗಿ ನೋಡಿದರು. "ಏಮಪ್ಪಾ, ತಂತಿ ಕಿತ್ತೋಗಿದ್ಯಾ?"

"ಇಲ್ಲ ದೊಡ್ಡಮ್ಮ, ಇದು ಇನ್ವರ್ಷನ್ನು."

"ಅಯ್ಯೋ ಪಾಪ! ಡಾಕ್ಟರಿಗೆ ತೋರಿಸ್ಕೊಂಡು ಬರೋದಲ್ವಾ!"

ಹಳೆಯ ‘ಸ, ಗ, ಪ’ಕ್ಕೆ ಮರಳೋಣವೆಂದರೆ ಬೆರಳುಗಳು ಒಪ್ಪಲಿಲ್ಲ. ವಿದ್ಯಾವಂತರಾಗಿಬಿಟ್ಟಿದ್ದವು.

"ಭಾವ, ಕಾಲು ನೋಯ್ತಿದೆ" ಎಂದಳು ಮದುಮಗಳು.

ಸುಮಾ ಮೊಬೈಲಿನಲ್ಲಿ ಶ್ರುತಿಪೆಟ್ಟಿಗೆಯ ಆ್ಯಪ್ ಹಾಕಿ ನನ್ನ ಕೈಗಿಟ್ಟಳು. "ಮೈಕಿಗೆ ಹಿಡೀರಿ. ಏನೂ ಒತ್ತಬೇಡಿ."

ಹಿಡಿದೆ. ಹಾಡು ಸಲೀಸಾಗಿ ಹರಿಯಿತು. ಹೆಣ್ಣು ಹಸೆಯ ಮೇಲೆ ಕೂತಳು, ಅಕ್ಕತಂಗಿಯರಿಬ್ಬರೂ ಕಣ್ಣೊರೆಸಿಕೊಂಡರು.

ಊಟಕ್ಕೆ ಏಳುವಾಗ ದೊಡ್ಡಮ್ಮ ನನ್ನ ಬೆನ್ನು ತಟ್ಟಿದರು.

"ಎರಡನೇ ಸಲ ಚೆನ್ನಾಗಿ ಬಾರಿಸ್ದೆ ಕಣಪ್ಪ!"